ರೋಡ್ ರೋಲರ್ ಸ್ವೆಟರ್

ಇನ್ನು ಮೂರು ವಾರಕ್ಕೆ ಮಗು ಮನೆಗೆ ಬರುತ್ತದೆ ಎಂದು ಖಾತ್ರಿಯಾದ ದಿನ ಗುಬ್ಬಿ ಬಸ್ಸಿಳಿದವಳು ಮನೆಗೆ ನಡೆದು ಬರಲಿಲ್ಲ, ಓಡಿ ಬಂದಳು. ಹಿಂದೆ ಅವಳ ಗಂಡ ಕೊಡೆ, ಚೀಲ, ಕಾಗದಪತ್ರದ ಫೈಲು ಎಲ್ಲವನ್ನೂ ಎದೆಗೆ ಅವುಚಿಕೊಂಡು, "ನಿಧಾನ ಕಣೇ, ಮೂರು ವಾರ ಇದೆ" ಎನ್ನುತ್ತ ದಾಪುಗಾಲು ಹಾಕುತ್ತಿದ್ದ. ಮೂವತ್ತೇಳರ ಹೆಂಗಸು ಬೀದಿಯಲ್ಲಿ ಹೀಗೆ ಓಡುವುದನ್ನು ಕಂಡು ಮೂಲೆಯ ಇಸ್ತ್ರಿಯವನು ಬಿಸಿ ಪೆಟ್ಟಿಗೆಯನ್ನು ಗಾಳಿಯಲ್ಲೇ ಹಿಡಿದು ನಿಂತುಬಿಟ್ಟ.

ಗುಬ್ಬಿ ಎನ್ನುವುದು ಅತ್ತೆ ಇಟ್ಟ ಹೆಸರು. ಸೊಸೆಯಾಗಿ ಬಂದಾಗ ಅವಳು ಅಷ್ಟು ಸಣ್ಣಗಿದ್ದಳು, ಮತ್ತು ಒಂದು ಕಡೆ ಕೂತಿದ್ದನ್ನು ಯಾರೂ ಕಂಡವರಿರಲಿಲ್ಲ. ಕೆಲಸ ಕನ್ನಡಕದ ಅಂಗಡಿಯಲ್ಲಿ. ಸಾಸಿವೆಕಾಳಿನಷ್ಟು ತಿರುಪನ್ನು ಬಿಗಿ ಮಾಡುವುದು, ಮೂಗಿನಿಂದ ಜಾರುವ ಫ್ರೇಮನ್ನು ಬಿಸಿ ಮಾಡಿ ಬಗ್ಗಿಸಿ ಕೂರಿಸುವುದು, ಇದರಲ್ಲಿ ಅವಳ ಕೈ ಪಳಗಿತ್ತು. ಗಂಡ ಅಂಗಡಿಗಳಿಗೆ ಬೋರ್ಡು ಬರೆಯುವವನು. ಮೂರನೆಯವರು ಅತ್ತೆ. ನಲವತ್ತು ವರ್ಷ ಊರಿಗೆಲ್ಲ ಸ್ವೆಟರ್ ಹೆಣೆದುಕೊಟ್ಟವರು, ನಾಲ್ಕು ವರ್ಷದಿಂದ ಬೆರಳಿನ ಗಂಟುಗಳು ಊದಿಕೊಂಡು ಕಡ್ಡಿಗಳನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದರು. ಬೀಗ ಬಿದ್ದದ್ದು ಕಡ್ಡಿಗಳಿಗೆ ಮಾತ್ರ, ಬಾಯಿಗಲ್ಲ.

"ಏನಂದ್ರು?" ಎಂದು ಬಾಗಿಲಲ್ಲೇ ಕೇಳಿದರು ಅತ್ತೆ.

"ಹುಡುಗಿ. ಮೂರೂವರೆ ವರ್ಷ. ಮೂರು ವಾರ ಬಿಟ್ಟು ಕರ್ಕೊಂಡು ಹೋಗಿ ಅಂದ್ರು. ಅತ್ತೆ, ನಂಗೆ ಹೆಣೆಯೋದು ಹೇಳಿಕೊಡಿ."

ಅತ್ತೆಗೆ ಎಲ್ಲಿಂದೆಲ್ಲಿಗೆ ಸಂಬಂಧ ಎಂದು ತಿಳಿಯಲಿಲ್ಲ. ಗುಬ್ಬಿ ಏದುಸಿರು ಬಿಡುತ್ತಲೇ ಹೇಳಿದಳು.

ದತ್ತು ಕೊಡುವ ಮಕ್ಕಳ ಮನೆಯಲ್ಲಿ ಅವರನ್ನು ಒಂದು ಉದ್ದನೆಯ ಕೋಣೆಗೆ ಕರೆದೊಯ್ದಿದ್ದರು. ಮಗು ಕಿಟಕಿಯ ಬಳಿ ಬೆನ್ನು ಮಾಡಿ ನಿಂತಿತ್ತು. ಮಾತಾಡಿಸಿದರೆ ತಿರುಗಲಿಲ್ಲ, ಗೊಂಬೆ ತೋರಿಸಿದರೆ ನೋಡಲಿಲ್ಲ. ಗುಬ್ಬಿ ಏನೂ ತೋಚದೆ ಹೋಗಿ ಅದರ ಪಕ್ಕದಲ್ಲಿ ಮಂಡಿಯೂರಿ ತಾನೂ ಹೊರಗೆ ನೋಡುತ್ತ ಕೂತಳು. ಬೀದಿಯಲ್ಲಿ ಹೊಸದಾಗಿ ಜಲ್ಲಿ ಹಾಕಿದ್ದರು. ಹಳದಿ ಬಣ್ಣದ ರೋಡ್ ರೋಲರ್ ಒಂದು ಅದರ ಮೇಲೆ ಹೋಗಿಬಂದು ಮಾಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಮಗು ಇವಳ ಕಿರುಬೆರಳು ಹಿಡಿದುಕೊಂಡಿತು. "ಹಿಂದೆ ಹೋಗುತ್ತೆ," ಎಂದಿತು. ಒಂದು ಗಳಿಗೆ ಬಿಟ್ಟು, "ಮುಂದೆ ಬರುತ್ತೆ." ಅಷ್ಟೇ. ಎರಡು ವಾರದಿಂದ ಊಟಕ್ಕೂ ಕಿಟಕಿ ಬಿಟ್ಟು ಬರುವುದಿಲ್ಲ, ಅಲ್ಲಿಗೇ ತಟ್ಟೆ ಒಯ್ಯಬೇಕು ಎಂದು ಆಯಾ ಹೇಳಿದರು.

"ಚಳಿಗೆ ಅವಳು ಹಾಕ್ಕೊಂಡಿದ್ದ ಸ್ವೆಟರ್ ಯಾರೋ ಹಾಕಿ ಬಿಟ್ಟಿದ್ದು ಅತ್ತೆ, ಮೊಣಕೈ ಹರಿದಿತ್ತು. ಅವಳ್ದೇ ಅಂತ ಒಂದು ಆಗಬೇಕು. ಎದೆ ತುಂಬ ರೋಡ್ ರೋಲರ್ ಇರಬೇಕು."

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಾರೆ ಅಂತಾರಲ್ಲ, ಹಾಗಾಯ್ತು."

"ಕೂಸು ಹುಟ್ಟಿ ಮೂರೂವರೆ ವರ್ಷ ಆಯ್ತು ಅತ್ತೆ. ನಾವೇ ಲೇಟು."

ಅತ್ತೆ ಒಳಗೆ ಹೋಗಿ ಪೆಟ್ಟಿಗೆಯ ಬೀಗ ತೆಗೆದರು.

ಮೊದಲ ಎರಡು ದಿನ ಅತ್ತೆ ಹಳೆಯ ಬೂದು ನೂಲಿನಲ್ಲಿ ಸೀದಾ, ಉಲ್ಟಾ, ಮತ್ತೆ ಸೀದಾ, ಉಲ್ಟಾ ಹೆಣೆಸಿದರು. ಗುಬ್ಬಿಯ ಕೈಯಿಂದ ಹೊರಬಂದ ಬಟ್ಟೆ ಒಂದು ಕಡೆ ಬಲೆ, ಇನ್ನೊಂದು ಕಡೆ ಹಲಗೆ. ಕಡ್ಡಿ ಜಾರುತ್ತದೆ ಎಂದು ಅವಳು ದೂರಿದಳು. "ಕುಣಿಲಾರದವಳು ನೆಲ ಡೊಂಕು ಅಂದಳಂತೆ," ಎಂದು ಅತ್ತೆ ಬಿಚ್ಚಿಸಿದರು. ಮೂರನೆಯ ದಿನ ಬಟ್ಟೆ ಒಂದೇ ಸಮ ಬಂತು. ಸಾಸಿವೆಯಷ್ಟು ತಿರುಪು ಹಿಡಿಯುವ ಬೆರಳುಗಳಿಗೆ ಕುಣಿಕೆ ಹಿಡಿಯುವುದು ಎಷ್ಟರ ಮಾತು. ಬಾಯಿ ಅತ್ತೆಯದು, ಕೈ ಸೊಸೆಯದು, ಇಬ್ಬರೂ ಸೇರಿ ಒಬ್ಬ ಹೆಣೆಯುವವಳಾದರು.

ಗಂಡ ಗ್ರಾಫ್ ಹಾಳೆ ತಂದು ರೋಲರ್ ಬರೆದ. ಬೋರ್ಡು ಬರೆಯುವ ಕೈ. ಹಾಳೆಯ ಮೇಲೆ ಅದು ಈಗಲೋ ಆಗಲೋ ಗುಡುಗುಟ್ಟಿಕೊಂಡು ಹೊರಟುಬಿಡುವಂತಿತ್ತು. ಮುಂದೆ ದೊಡ್ಡ ಕಪ್ಪು ಉರುಳೆ, ಹಿಂದೆ ಚಕ್ರ, ಹಳದಿ ಮೈ, ಮೇಲೆ ಚಾವಣಿ, ಚಾವಣಿಯ ಮೇಲೊಂದು ಕೆಂಪು ದೀಪ. ಕೆಳಗೆ ಬೂದು ರಸ್ತೆ, ಹಿಂದೆಲ್ಲ ನೀಲಿ ಆಕಾಶ. ಒಂದೊಂದು ಚೌಕವೂ ಒಂದೊಂದು ಕುಣಿಕೆ.

"ಅಳತೆ?" ಎಂದು ಕೇಳಿದ.

"ನಿಂತರೆ ತಲೆ ನನ್ನ ಸೊಂಟಕ್ಕೆ ಬರುತ್ತೆ. ಭುಜದಿಂದ ಭುಜಕ್ಕೆ ನನ್ನ ಒಂದು ಗೇಣು, ಮೇಲೆ ನಾಲ್ಕು ಬೆರಳು. ಮುಖದ ಅಗಲ ಬೇಕಾದ್ರೆ ಕೂದಲೆಳೆ ತಪ್ಪದ ಹಾಗೆ ಹೇಳ್ತೀನಿ." ದಿನವಿಡೀ ಮುಖಗಳಿಗೆ ಫ್ರೇಮು ಕೂರಿಸುವವಳ ಕಣ್ಣು ಅದು. ಗಂಡ ನಂಬಿದ.

ಸಾಲಿನಲ್ಲಿ ಬರುವ ಬಣ್ಣದ ಒಂದೊಂದು ತುಂಡಿಗೂ ಒಂದರಂತೆ ಅವನು ರಟ್ಟು ಕತ್ತರಿಸಿ ಕೊಟ್ಟ. ಅವುಗಳಿಗೆ ನೂಲು ಸುತ್ತಿ, ಬಣ್ಣ ಬದಲಾಗುವ ಕಡೆಯಲ್ಲೆಲ್ಲ ಹಳೆ ನೂಲಿಗೆ ಹೊಸ ನೂಲನ್ನು ಒಮ್ಮೆ ತಿರುಚಿಕೊಳ್ಳಬೇಕು, ಇಲ್ಲದಿದ್ದರೆ ಅಲ್ಲಿ ತೂತು ಉಳಿಯುತ್ತದೆ. ಏಳು ರಟ್ಟು ಏಳು ಬಾಲಗಳಂತೆ ಜೋತಾಡುತ್ತಿದ್ದ ಹೆಣಿಗೆಯನ್ನು ಗುಬ್ಬಿ ಬಸ್ಸಿನಲ್ಲಿ ಹೆಣೆದಳು, ಹಾಲು ಕಾಯುವವರೆಗೆ ಹೆಣೆದಳು, ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ಗಾಜಿನ ಮೇಜಿನ ಹಿಂದೆ ಬಚ್ಚಿಟ್ಟುಕೊಂಡು ಹೆಣೆದಳು.

ಬಚ್ಚಿಟ್ಟದ್ದು ಎರಡೇ ದಿನ. ಮೂರನೆಯ ದಿನ ಯಜಮಾನರು ನೋಡಿಬಿಟ್ಟರು. ಬೈಗುಳಕ್ಕೆ ತಯಾರಾಗಿದ್ದ ಗುಬ್ಬಿಗೆ ಅವರು ಹೇಳಿದ್ದು, "ಚಾವಣಿಯ ದೀಪ ಇನ್ನೂ ಬಂದಿಲ್ವಲ್ಲಮ್ಮ?" ಅಂದಿನಿಂದ ಓದುವ ಕನ್ನಡಕಕ್ಕೆ ಬಂದವರಿಗೆಲ್ಲ ಅಂಗಡಿಯಲ್ಲಿ ಸಣ್ಣ ಅಕ್ಷರದ ಹಲಗೆಯ ಬದಲು ಗುಬ್ಬಿಯ ಗ್ರಾಫ್ ಹಾಳೆ ಸಿಗತೊಡಗಿತು. "ಇದನ್ನ ಓದಿ ನೋಡೋಣ, ಮೂವತ್ತೆರಡನೇ ಸಾಲು," ಎನ್ನುತ್ತಿದ್ದರು ಯಜಮಾನರು. ಗಿರಾಕಿ ಹೊಸ ಕನ್ನಡಕ ಏರಿಸಿ, "ನೀಲಿ ಒಂಬತ್ತು, ಹಳದಿ ಐದು, ಕಪ್ಪು ಹನ್ನೆರಡು," ಎಂದು ಓದುತ್ತಿದ್ದ. ಗುಬ್ಬಿ ಆ ಕಡೆ ಹೆಣೆಯುತ್ತಿದ್ದಳು. ಕನ್ನಡಕ ಸರಿ ಇದ್ದವರ ಸಾಲೂ ಸರಿಯಾಗಿ ಬಂತು. ಒಬ್ಬಾಕೆ ಮಾತ್ರ ಹಟಕ್ಕೆ ಬಿದ್ದು ಹಳೆಯ ಕನ್ನಡಕದಲ್ಲೇ ಓದಿ ಕಪ್ಪು ಇದ್ದಲ್ಲೆಲ್ಲ ಬೂದು ಎಂದಳು, ಒಂದು ಸಾಲು ಬಿಚ್ಚಬೇಕಾಯಿತು.

ಹತ್ತನೆಯ ದಿನ ಒಬ್ಬರು ನಿವೃತ್ತ ಲೆಕ್ಕದ ಮೇಷ್ಟ್ರು ಬಂದರು. ಅಷ್ಟು ಹೊತ್ತಿಗೆ ರೋಲರಿನ ಅರ್ಧ ಮೈ ಎದ್ದು ನಿಂತಿತ್ತು. ಗುಬ್ಬಿ ಹೆಮ್ಮೆಯಿಂದ ಮೇಜಿನ ಮೇಲೆ ಹರಡಿದಳು. ಮೇಷ್ಟ್ರು ಹೊಸ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು, ತೆಗೆದು ನೋಡಿದರು, ಮತ್ತೆ ಹಾಕಿಕೊಂಡರು.

"ಇದು ಚಕ್ರವೋ, ಮೊಟ್ಟೆಯೋ?"

ಗುಬ್ಬಿ ನೋಡಿದಳು. ಇಷ್ಟು ದಿನ ಮೂಗಿನ ತುದಿಯಲ್ಲಿಟ್ಟುಕೊಂಡು ಸಾಲು ಸಾಲಾಗಿ ನೋಡಿದ್ದಳೇ ಹೊರತು ದೂರ ಹಿಡಿದು ನೋಡಿರಲಿಲ್ಲ. ಹಾಳೆಯಲ್ಲಿ ಚಂದ್ರನ ಹಾಗಿದ್ದ ಉರುಳೆ ನೂಲಿನಲ್ಲಿ ಯಾರೋ ಮೇಲೆ ಕೂತು ಎದ್ದ ಹಾಗೆ ಚಪ್ಪಟೆಯಾಗಿತ್ತು.

"ಲೆಕ್ಕ ಒಂದೂ ತಪ್ಪಿಲ್ಲ ಸಾರ್," ಎಂದಳು.

"ತಪ್ಪು ಲೆಕ್ಕದಲ್ಲಿಲ್ಲಮ್ಮ, ಹಾಳೆಯಲ್ಲಿದೆ." ಮೇಷ್ಟ್ರು ಅಳತೆಪಟ್ಟಿ ಕೇಳಿ ತೆಗೆದುಕೊಂಡು ಹೆಣಿಗೆಯ ಮೇಲಿಟ್ಟರು. "ನೋಡು. ಇಲ್ಲಿಂದ ಇಲ್ಲಿಗೆ ಅಡ್ಡಕ್ಕೆ ಹತ್ತು ಕುಣಿಕೆ. ಅಷ್ಟೇ ಉದ್ದ ಮೇಲಕ್ಕೆ ಹೋದ್ರೆ ಹದಿಮೂರು ಸಾಲು. ನಿನ್ನ ಹಾಳೆಯ ಮನೆ ಚೌಕ, ನಿನ್ನ ಕುಣಿಕೆ ಚೌಕ ಅಲ್ಲ. ಕುಣಿಕೆ ಕುಳ್ಳು. ಕುಳ್ಳರನ್ನ ಒಬ್ಬರ ಮೇಲೊಬ್ಬರು ಹೆಚ್ಚು ನಿಲ್ಲಿಸಬೇಕು, ಅಷ್ಟೇ."

ಸಂಜೆ ಅದನ್ನು ಅತ್ತೆಯ ಮುಂದಿಟ್ಟಾಗ ಅವರು ಮೊದಲು ಒಪ್ಪಲಿಲ್ಲ. ನಲವತ್ತು ವರ್ಷ ಪಟ್ಟೆ ಹೆಣೆದಿದ್ದರು, ಜಡೆ ಹೆಣೆದಿದ್ದರು, ಚಕ್ರವನ್ನು ಹೆಣೆದಿರಲಿಲ್ಲ. ಸ್ವಲ್ಪ ಹೊತ್ತು ದೂರ ಹಿಡಿದು ನೋಡಿ, "ಹೆತ್ತೋರಿಗೆ ಹೆಗ್ಗಣ ಮುದ್ದು, ಹೆಣೆದೋರಿಗೆ ಚಪ್ಪಟೆ ಚಕ್ರ ಮುದ್ದು," ಎಂದರು. "ಬಿಚ್ಚೋಣ್ವಾ?"

"ಹನ್ನೊಂದೇ ದಿನ ಇದೆ ಅತ್ತೆ."

"ಆ ಮಗು ಎರಡು ವಾರ ಕಿಟಕೀಲಿ ನಿಂತು ಚಕ್ರ ನೋಡಿದೆ. ಅದಕ್ಕೆ ಗೊತ್ತಾಗಲ್ವಾ?"

ಗುಬ್ಬಿ ಕಡ್ಡಿ ಎಳೆದುಬಿಟ್ಟಳು. ಗಂಡ ನೂಲು ಸುತ್ತಿಕೊಂಡ, ಸುತ್ತುತ್ತಲೇ ತನ್ನ ಹಾಳೆಯನ್ನು ಬೈದುಕೊಂಡ. ಮರುದಿನ ಬೆಳಗ್ಗೆ ಅಂಗಡಿಯೊಂದರ ಬೋರ್ಡನ್ನು ಅರ್ಧಕ್ಕೇ ಬಿಟ್ಟು ಬಂದು, ದೊಡ್ಡ ಬಿಳಿ ಹಾಳೆಯ ಮೇಲೆ ತಾನೇ ಗೆರೆ ಎಳೆದು ಅಗಲ ಹೆಚ್ಚು ಎತ್ತರ ಕಡಿಮೆ ಇರುವ ಕುಳ್ಳು ಮನೆಗಳನ್ನು ಮಾಡಿದ. ಅದರ ಮೇಲೆ ಚಕ್ರ ಬರೆದ. ಎರಡನೆಯ ಬಾರಿ ಕೈಗೆ ರೂಢಿಯಾಗಿತ್ತು, ಬಣ್ಣಗಳು ಅವಳ ಬೆರಳಿನ ಮಾತು ಕೇಳುತ್ತಿದ್ದವು. ಐದನೆಯ ದಿನ ಕೆಂಪು ದೀಪದ ಕೊನೆಯ ಕುಣಿಕೆ ಬಿದ್ದು ರೋಲರ್ ನಿಂತಿತು. ಚಕ್ರ ದುಂಡಗೆ, ಬಟ್ಟಲಿನಷ್ಟು ದುಂಡಗೆ ಇತ್ತು. ಅತ್ತೆ, ಗುಬ್ಬಿ, ಗಂಡ ಮೂವರೂ ಗೋಡೆಗೆ ಒರಗಿಸಿ ದೂರ ನಿಂತು ನೋಡಿದರು, ಹತ್ತಿರ ಹೋದರು, ಮತ್ತೆ ದೂರ ಬಂದರು. ಆ ದಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು, ಯಾರೂ ಹೇಳಲಿಲ್ಲ.

ಬೆನ್ನಿನ ಭಾಗ ಬರೀ ನೀಲಿ, ಬೇಗ ಮುಗಿಯಿತು. ಒಂದು ತೋಳೂ ಆಯಿತು. ಇನ್ನೊಂದು ತೋಳು, ಕೊರಳಪಟ್ಟಿ, ಹೊಲಿಗೆ ಉಳಿದಿತ್ತು, ನಾಲ್ಕು ದಿನವೂ ಉಳಿದಿತ್ತು. ಅಷ್ಟರಲ್ಲಿ ಅಂಗಡಿಗೆ ಫೋನು ಬಂತು. ಮಕ್ಕಳ ಮನೆಯ ಮೇಡಂ.

"ಕಾಗದ ಎಲ್ಲ ಬೇಗ ಬಂದಿದೆ. ನಾಳೆಯೇ ಬರಕ್ಕೆ ಆಗುತ್ತಾ?"

ಗುಬ್ಬಿ "ಆಗುತ್ತೆ" ಎಂದಳು. ಫೋನಿಟ್ಟು ಮತ್ತೊಮ್ಮೆ "ಆಗುತ್ತೆ" ಎಂದಳು. ಎದುರಿಗೆ ಕಣ್ಣು ಪರೀಕ್ಷೆಗೆ ಕೂತಿದ್ದವರು ತಮಗೇ ಹೇಳಿದ್ದು ಎಂದುಕೊಂಡು, "ಆಗ್ಲಿ ಬಿಡಿ," ಎಂದರು. ಯಜಮಾನರು ಅವಳ ಚೀಲವನ್ನು ತಾವೇ ಎತ್ತಿ ಕೈಗಿಟ್ಟು ಬಾಗಿಲು ತೆರೆದು ಹಿಡಿದರು.

ಮನೆಯಲ್ಲಿ ಮಾಡಬೇಕಾದದ್ದು ಬೆಟ್ಟದಷ್ಟಿತ್ತು. ಸಣ್ಣ ಮಂಚಕ್ಕೆ ಹಾಸಿಗೆ ಬಂದಿರಲಿಲ್ಲ, ಬಚ್ಚಲಿಗೆ ಎಟುಕುವಂಥ ಮಣೆ ಇರಲಿಲ್ಲ, ಬಣ್ಣದ ಡಬ್ಬಿಗಳನ್ನೆಲ್ಲ ಮೇಲಿನ ಹಲಗೆಗೆ ಏರಿಸಬೇಕಿತ್ತು. ಗುಬ್ಬಿ ತೋಳಿನ ನೂಲು ಕೈಗೆತ್ತಿಕೊಂಡಳು, ಹಾಸಿಗೆಯವನು ಬಾಗಿಲು ಬಡಿದ, ಇಟ್ಟು ಎದ್ದಳು. ಮತ್ತೆ ಎತ್ತಿಕೊಂಡಳು, ಗಂಡ ಮಣೆ ಸರಿಯಿದೆಯೇ ನೋಡು ಎಂದು ಕರೆದ.

"ಆತುರಗಾರನಿಗೆ ಬುದ್ಧಿ ಮಟ್ಟ. ಇಲ್ಲಿ ಕೊಡು," ಎಂದರು ಅತ್ತೆ.

"ಬೆರಳು ಅತ್ತೆ..."

"ಬೆರಳು ನಂದು. ಕೊಡು."

ಗುಬ್ಬಿ ಕೊಟ್ಟು ಹಾಸಿಗೆಯ ಕಡೆ ಓಡಿದಳು. ಒಂದು ತಾಸು ಬಿಟ್ಟು ಬಂದು ನೋಡಿದರೆ ಅತ್ತೆ ಕಿಟಕಿಯ ಬಿಸಿಲಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಬಿಸಿನೀರಿನ ಬಟ್ಟಲು. ನಾಲ್ಕು ಸಾಲು ಹೆಣೆಯುವುದು, ಬೆರಳುಗಳನ್ನು ನೀರಿನಲ್ಲಿ ಅದ್ದುವುದು, ಒರೆಸಿಕೊಳ್ಳುವುದು, ಮತ್ತೆ ನಾಲ್ಕು ಸಾಲು. ನಾಲ್ಕು ವರ್ಷದ ನಂತರ ಕಡ್ಡಿಗಳು ಆ ಕೈಯಲ್ಲಿ ಟಿಕ್ ಟಿಕ್ ಎನ್ನುತ್ತಿದ್ದವು. ನಿಧಾನ, ಆದರೆ ಕೈ ತಾನು ಯಾರೆಂದು ಮರೆತಿರಲಿಲ್ಲ. ಗುಬ್ಬಿ ಬಾಗಿಲಲ್ಲೇ ನಿಂತಳು.

ತಲೆ ಎತ್ತದೆಯೇ ಅತ್ತೆ, "ನೋಡ್ತಾ ನಿಂತ್ರೆ ತೋಳು ಬೆಳೆಯಲ್ಲ. ಬಟ್ಟಲ ನೀರು ಆರಿದೆ," ಎಂದರು. ಗುಬ್ಬಿ ನೀರು ಬದಲಾಯಿಸಿದಳು.

ಸಂಜೆಗೆ ತೋಳು ಮುಗಿಯಿತು. ಗುಬ್ಬಿ ಹೆಣೆದದ್ದಕ್ಕಿಂತ ಅದು ಅರ್ಧ ಬೆರಳು ಗಿಡ್ಡವಾಗಿತ್ತು, ಏಕೆಂದರೆ ಅತ್ತೆಯ ಕೈ ಬಿಗಿ. "ಉದ್ದ ಇರೋದನ್ನ ಮಡಚಿದ್ರಾಯ್ತು," ಎಂದ ಗಂಡ. ಕೊರಳಪಟ್ಟಿ ಗುಬ್ಬಿ ಹಾಕಿದಳು. ಹೊಲಿಗೆ ಮಾತ್ರ ಮರುದಿನದ ಬಸ್ಸಿನಲ್ಲಿ ಆಯಿತು. ಬಸ್ಸು ನಿಂತಾಗಲೆಲ್ಲ ಗುಬ್ಬಿ ನಾಲ್ಕು ಹೊಲಿಗೆ ಹಾಕುವುದು, ಹೊರಟಾಗ ಸೂಜಿಯನ್ನು ಮೇಲೆತ್ತಿ ಹಿಡಿಯುವುದು. ಕಂಡಕ್ಟರಿಗೆ ವಿಷಯ ತಿಳಿದು, ಹಳ್ಳ ಬಂದಲ್ಲೆಲ್ಲ, "ಅಕ್ಕಾ, ಸೂಜಿ," ಎಂದು ಕೂಗಿ ಎಚ್ಚರಿಸುತ್ತಿದ್ದ. ಇಳಿಯುವ ನಿಲ್ದಾಣಕ್ಕೆ ಒಂದು ನಿಲ್ದಾಣ ಇರುವಾಗ ಕೊನೆಯ ಗಂಟು ಬಿತ್ತು. ಅತ್ತೆ ಹಲ್ಲಿನಿಂದ ನೂಲು ಕಡಿದರು.

ಮೇಡಂ ಅವರ ಕೋಣೆಯಲ್ಲಿ ಮೂವರೂ ಸಾಲಾಗಿ ಕೂತರು. ಆಯಾ ಮಗುವಿನ ಕೈ ಹಿಡಿದು ಕರೆತಂದರು. ಎಣ್ಣೆ ಹಚ್ಚಿ ಬಾಚಿದ ತಲೆ, ಕೈಯಲ್ಲಿ ಬಟ್ಟೆಯ ಸಣ್ಣ ಗಂಟು. ಮಗು ಬಾಗಿಲಲ್ಲೇ ನಿಂತು ಮೂವರನ್ನೂ ಒಬ್ಬೊಬ್ಬರನ್ನಾಗಿ ನೋಡಿತು. ಗುಬ್ಬಿ ಚೀಲದಿಂದ ಸ್ವೆಟರ್ ತೆಗೆದು ಎರಡು ಕೈಯಲ್ಲಿ ಹರಡಿ ಹಿಡಿದಳು.

ಮಗು ಗಂಟನ್ನು ನೆಲಕ್ಕೆ ಬಿಟ್ಟಿತು. ಹತ್ತಿರ ಬಂದು ಕಪ್ಪು ಉರುಳೆಯ ಸುತ್ತ ಬೆರಳಾಡಿಸಿತು, ಒಂದು ಸುತ್ತು, ಎರಡು ಸುತ್ತು.

"ರೋಲರ್," ಎಂದಿತು.

"ನಿಂದೇ," ಎಂದಳು ಗುಬ್ಬಿ.

ಹಾಕುವಾಗ ಎಡವಟ್ಟಾಯಿತು. ತೋಳುಗಳು ಹೋದವು, ತಲೆ ಹೋಗಲಿಲ್ಲ. ಗುಬ್ಬಿ ಮುಖದ ಅಗಲ ಕೂದಲೆಳೆ ತಪ್ಪದೆ ನೋಡಿದ್ದಳು, ತಲೆ ಹಿಂದಕ್ಕೂ ಇರುತ್ತದೆ ಎನ್ನುವುದು ಹೊಳೆದಿರಲಿಲ್ಲ. ಮಗು ಸ್ವೆಟರಿನೊಳಗೆ ಸಿಕ್ಕಿಕೊಂಡು ನಿಂತಿತು. ಅಳುತ್ತದೆ, ಈಗ ಅಳುತ್ತದೆ, ಎಲ್ಲ ಹಾಳಾಯಿತು ಎಂದುಕೊಂಡಳು ಗುಬ್ಬಿ.

"ಇಲ್ಲಿ ನೀಲಿ ಇದೆ," ಎಂದಿತು ಒಳಗಿನಿಂದ ದನಿ.

ಮೆಲ್ಲಗೆ ಎಳೆದು ತೆಗೆದರು. ಮಗುವಿನ ಕಿವಿ ಕೆಂಪಾಗಿತ್ತು, ಕಣ್ಣು ಸ್ವೆಟರ್ ಮೇಲೆಯೇ ಇತ್ತು, ಎಲ್ಲಿ ಒಯ್ದುಬಿಡುತ್ತಾರೋ ಎಂದು ಒಂದು ತೋಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತ್ತು. ಅತ್ತೆ ಮೇಡಂ ಬಳಿ ಕತ್ತರಿ ಕೇಳಿದರು.

"ಕತ್ತರಿ ಯಾಕತ್ತೆ?"

"ಎಡಭುಜದ ಹೊಲಿಗೆ ನಿಂದೇ ತಾನೆ? ಬಿಚ್ಚು. ಕೊರಳಪಟ್ಟಿ ಅಲ್ಲಿ ಕತ್ತರಿಸು, ಅಂಚು ಕಟ್ಟು. ಗುಂಡಿ ಹಾಕೋಣ."

"ಗುಂಡಿ ಎಲ್ಲಿದೆ?"

ಅತ್ತೆ ತಾವು ಹಾಕಿಕೊಂಡಿದ್ದ ಸ್ವೆಟರಿನ ಕೆಳಗಿನ ಎರಡು ಗುಂಡಿಗಳನ್ನು ಕತ್ತರಿಸಿ ಅಂಗೈಯಲ್ಲಿಟ್ಟು ಚಾಚಿದರು. ಮಗು ಕುರ್ಚಿ ಹತ್ತಿ ನಿಂತು, ಗುಬ್ಬಿಯ ಭುಜದ ಮೇಲೆ ಗದ್ದವೂರಿ, ಕೆಲಸ ನೋಡಿತು. ಅದರ ಉಸಿರು ಬೆಚ್ಚಗೆ ಕಿವಿಗೆ ತಾಗುತ್ತಿತ್ತು. ಗುಂಡಿ ನೆಟ್ಟಗೆ ಕೂತಿತು. ಗಂಡನಿಗೆ ಮಾಡಲು ಏನೂ ಕೆಲಸವಿರಲಿಲ್ಲ; ಅವನು ಸುಮ್ಮನೆ ಮಗುವಿನ ಬಟ್ಟೆಗಂಟನ್ನು ನೆಲದಿಂದೆತ್ತಿ ತೊಡೆಯ ಮೇಲಿಟ್ಟುಕೊಂಡು, ಮಲಗಿದ ಬೆಕ್ಕನ್ನು ಸವರುವಂತೆ ಸವರುತ್ತಿದ್ದ.

ಈ ಸಲ ತಲೆ ಸಲೀಸಾಗಿ ಹೊರಬಂತು. ಮಗು ಬಗ್ಗಿ ಎದೆ ನೋಡಿಕೊಂಡಿತು. ಮುಖ ಗಂಟಿಕ್ಕಿತು.

"ಬಿದ್ದುಹೋಗಿದೆ."

ಹೌದಲ್ಲ. ಹಾಕಿಕೊಂಡವರಿಗೆ ಚಿತ್ರ ಮಲಗಿದ ಹಾಗೇ ಕಾಣಿಸುವುದು. ಮೂರು ಜನ ದೊಡ್ಡವರು ಎರಡೂವರೆ ವಾರ ತಲೆ ಕೆಡಿಸಿಕೊಂಡರೂ ಇದು ಯಾರಿಗೂ ಹೊಳೆದಿರಲಿಲ್ಲ. ಗುಬ್ಬಿ ಸಮಾಧಾನಕ್ಕೆ ಮಾತು ಹುಡುಕುವಷ್ಟರಲ್ಲಿ ಮಗುವೇ ಕೆಳಗಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಮೇಲಕ್ಕೆ ಎತ್ತಿತು. ರೋಲರ್ ಎದ್ದು ಕಣ್ಣೆದುರಿಗೆ ಬಂತು. ಮಗು ಅದನ್ನು ಹಾಗೇ ಹಿಡಿದುಕೊಂಡು, ಬರಿ ಹೊಟ್ಟೆ ತೋರಿಸುತ್ತ, ಮೇಡಂ ಅವರ ಮೇಜಿನ ತನಕ ಹೋಯಿತು. ಅಲ್ಲಿಂದ ತಿರುಗದೆ ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಬಂದು ಗುಬ್ಬಿಯ ಮಂಡಿಗೆ ತಾಗಿ ನಿಂತಿತು. ಬಾಯಿಂದ ಗುಡುಗುಡು ಸದ್ದು ಬರತೊಡಗಿತು. ಮತ್ತೆ ಹೋಯಿತು, ಮತ್ತೆ ಬಂತು. ಮೇಡಂ ಕಾಗದಕ್ಕೆ ಸಹಿ ಹಾಕಬೇಕಾದವರು ಪೆನ್ನು ಹಿಡಿದುಕೊಂಡು ಕಾಲು ಮೇಲೆತ್ತಿ ದಾರಿ ಬಿಟ್ಟರು.

ನಾಲ್ಕನೆಯ ಸಲ ಬಂದಾಗ ರೋಲರ್ ನಿಂತುಬಿಟ್ಟಿತು. ಮಗು ಚಾವಣಿಯ ಕೆಳಗಿನ ಖಾಲಿ ನೀಲಿಯನ್ನು ಬೆರಳಿನಿಂದ ಮುಟ್ಟಿ ತಲೆ ಎತ್ತಿತು.

"ಓಡ್ಸೋರು ಎಲ್ಲಿ?"

ಎಲ್ಲರೂ ಗಂಡನ ಕಡೆ ನೋಡಿದರು. ಅವನು ಎರಡು ಸಲ ಬರೆದಿದ್ದ, ಚಕ್ರದ ತಿರುಪುಗಳನ್ನೂ ಬಿಟ್ಟಿರಲಿಲ್ಲ, ಓಡಿಸುವವರನ್ನು ಮರೆತಿದ್ದ.

"ಇನ್ನೂ ಹತ್ತಿಲ್ಲ ಪುಟ್ಟಾ," ಎಂದ ಹೇಗೋ. "ಯಾರು ಹತ್ತಬೇಕು ಹೇಳು?"

ಮಗು ಅವನನ್ನು ನೋಡಿತು. ಗುಬ್ಬಿಯನ್ನು ನೋಡಿತು. ಗುಬ್ಬಿಗೆ ಒಳಗೊಳಗೇ ಆಸೆ. ಆದರೆ ಮಗು ಬಂದಾಗಿನಿಂದ ಈ ಕೋಣೆಯಲ್ಲಿ ಬಿಚ್ಚು, ಕತ್ತರಿಸು, ಕಟ್ಟು ಎಂದು ಎಲ್ಲರನ್ನೂ ನಡೆಸುತ್ತಿದ್ದವರು ಯಾರು ಎಂದು ಸರಿಯಾಗಿ ಗಮನಿಸಿತ್ತು. ಅದು ಅತ್ತೆಯ ಕಡೆ ಬೆರಳು ತೋರಿಸಿತು.

"ನಂಗೆ ಸೈಕಲ್ಲೂ ಬರಲ್ಲ ಕಂದಾ," ಎಂದರು ಅತ್ತೆ.

"ಅಮ್ಮ, ನೀನು ಇಡೀ ಮನೆ ಓಡಿಸ್ತೀಯ, ಇದೇನು ಮಹಾ," ಎಂದ ಮಗ.

ಮನೆಗೆ ಬಂದ ಮೂರು ದಿನವೂ ಮಗು ಸ್ವೆಟರ್ ತೆಗೆಯಲು ಒಪ್ಪಲಿಲ್ಲ. ಆದ್ದರಿಂದ ಭಾನುವಾರ ಬೆಳಗ್ಗೆ ಓಡಿಸುವವರನ್ನು ಮಗುವಿನ ಮೈಮೇಲೆಯೇ ಕೂರಿಸಬೇಕಾಯಿತು. ಮಗುವನ್ನು ಊಟದ ಮೇಜಿನ ಮೇಲೆ ನಿಲ್ಲಿಸಿ, ಸ್ವೆಟರಿನೊಳಗೆ ಒಂದು ರಟ್ಟು ತೂರಿಸಿ, ಗುಬ್ಬಿ ಮೊಂಡು ಸೂಜಿಯಲ್ಲಿ ಕುಣಿಕೆಯ ಮೇಲೆ ಕುಣಿಕೆ ಕೂರಿಸಿದಳು. ಬಿಳಿ ನೂಲಿನಲ್ಲಿ ತುರುಬು, ಕಂದು ನೂಲಿನಲ್ಲಿ ಮುಖ, ಕೊನೆಗೆ ತನ್ನ ಕಸುಬು ಬಿಡಲಾರದೆ ಕಪ್ಪು ಎಳೆಯಲ್ಲಿ ಒಂದು ಕನ್ನಡಕ. ಮಗು ಒಂದಿಷ್ಟೂ ಅಲುಗಾಡದೆ, ಮೂಗು ತುರಿಸಿದರೂ ತುರಿಸಿಕೊಳ್ಳದೆ ನಿಂತಿತ್ತು. ಅತ್ತೆ ಪಕ್ಕದಲ್ಲಿ ನಿಂತು, "ಮೂಗು ಅಷ್ಟು ದಪ್ಪ ಇಲ್ಲ ನಂದು," ಎಂದು ತಿದ್ದಿಸುತ್ತಿದ್ದರು.

ಸೂಜಿ ತೆಗೆದಾಕ್ಷಣ ಮಗು ಅಂಚು ಎತ್ತಿ ನೋಡಿತು. ಸ್ವೆಟರಿನ ಅಜ್ಜಿಯನ್ನು ನೋಡಿತು, ನಿಂತಿದ್ದ ಅಜ್ಜಿಯನ್ನು ನೋಡಿತು, ಒಪ್ಪಿಗೆಯಾಯಿತು.

"ಅಜ್ಜಿ, ಹಾರ್ನ್ ಹೊಡಿ," ಎಂದಿತು.

ಅತ್ತೆ ಒಮ್ಮೆ ಮಗನನ್ನೂ ಸೊಸೆಯನ್ನೂ ನೋಡಿ, ಸೆರಗು ಸರಿಮಾಡಿಕೊಂಡು, ಕೆನ್ನೆ ಉಬ್ಬಿಸಿ, ಕೆಳಗಿನ ಬೀದಿಯಲ್ಲಿ ಹೋಗುತ್ತಿದ್ದವರು ತಲೆ ಎತ್ತಿ ನೋಡುವಂತೆ ಹಾರ್ನ್ ಹೊಡೆದರು.